ಬೀಗ ತೆಗೆದಿದ್ದು ಯಾರು…?

ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ದೇವರೇ ಫೋನ್ ಮಾಡಿದರೂ ಅಂಬುಜಾಕ್ಷಿ ಟೀಚರ್ ಎತ್ತುತ್ತಿರಲಿಲ್ಲ…

ಆ ಒಂದು ಗಂಟೆ ಅವರ ಆನ್‌ಲೈನ್ ನಾಟಕಕ್ಕೆ ಮೀಸಲು.

ಸುಮ್ಮನೆ ಕೂತು ನೋಡುವ ನಾಟಕ ಅಂದುಕೊಳ್ಳಬೇಡಿ. ಎಲ್ಲೋ ಒಂದು ಕೋಣೆಯಲ್ಲಿ ಕೈದಿಯ ವೇಷದ ನಟ ಕ್ಯಾಮೆರಾ ಮುಂದೆ ನಿಂತಿರುತ್ತಾನೆ. ಸುತ್ತ ನಂಬರ್ ಬೀಗಗಳು, ಅಲ್ಲಲ್ಲಿ ಸುಳಿವುಗಳು.

ನೋಡುವವರೇ ಒಟ್ಟಿಗೆ ತಲೆ ಓಡಿಸಿ, "ಅದನ್ನ ಎತ್ತಿ ತೋರಿಸು, ಈ ನಂಬರ್ ಹಾಕಿ ನೋಡು" ಅಂತ ಅವನಿಗೆ ಹೇಳಬೇಕು. ಐವತ್ತು ನಿಮಿಷದಲ್ಲಿ ಎಲ್ಲ ಬೀಗ ತೆಗೆದರೆ ಅವನಿಗೆ ಬಿಡುಗಡೆ… ಇಲ್ಲದಿದ್ದರೆ ಅವನು ಒಳಗೇ! ವಾರಕ್ಕೊಂದು ಹೊಸ ಕೋಣೆ.

ಟೀಚರ್ ತಂಡದಲ್ಲಿ ಇನ್ನಿಬ್ಬರು. ಜೀವದ ಗೆಳತಿ ವಸುಧಾ, ಲೆಕ್ಕದ ಮೇಷ್ಟ್ರು ರುದ್ರೇಶಪ್ಪ. ಮೂವರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವರು.

ಹೋದ ವರ್ಷ ಟೀಚರ್‌ಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಸರಿಹೋಯಿತು, ಮಾತು ಮಾತ್ರ ನಿಧಾನ. ನಾಲಿಗೆ ತುದಿಗೆ ಬಂದ ಪದ ಅಲ್ಲೇ ಕೂತುಬಿಡುತ್ತಿತ್ತು…

ಹದಿನಾಲ್ಕು ವರ್ಷ ಊರಿನ ಪೇಪರಿಗೆ ವಾರವಾರ ಪದಬಂಧ ಮಾಡಿಕೊಟ್ಟವರು ಅವರು! ಅದೂ ನಿಂತುಹೋಯಿತು.

ಸಂಪಾದಕರು "ಮತ್ತೆ ಶುರು ಮಾಡ್ತೀರಾ ಮೇಡಂ?" ಅಂದಾಗಲೆಲ್ಲ "ನೋಡೋಣ" ಅನ್ನುತ್ತಿದ್ದರು. ಒಳಗೊಳಗೇ ಭಯ… ನನ್ನ ತಲೆ ಇನ್ನು ಓಡುತ್ತದಾ?

ಆ ಭಯ ಬಿಡಿಸಿದ್ದೇ ಈ ನಾಟಕ.

ಐದು ವಾರ ಆಡಿದರು. ಐದೂ ವಾರ ಕೊನೆಯ ಬೀಗದ ನಂಬರ್ ಹೇಳಿದ್ದು ಟೀಚರ್!

"ಅಯ್ಯೋ, ನನ್ನ ತಲೆಗೆ ಹೊಳೀಲೇ ಇಲ್ವಲ್ರೀ!" ಅಂತ ರುದ್ರೇಶಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದರು. ಕೈದಿಯಂತೂ ಕ್ಯಾಮೆರಾ ಹತ್ತಿರ ಬಂದು ಕೈಮುಗಿದು, "ಅಮ್ಮಾ, ನಿಮ್ಮಿಂದ ಬದುಕಿದೆ" ಅನ್ನುತ್ತಿದ್ದ.

ಆರನೇ ವಾರದ ಶನಿವಾರ ಟೀಚರ್ ತಾವಾಗಿಯೇ ಸಂಪಾದಕರಿಗೆ ಫೋನ್ ಮಾಡಿದರು. "ಮುಂದಿನ ತಿಂಗಳಿಂದ ಪದಬಂಧ ಕೊಡ್ತೀನಿ."

ಮರುದಿನ ನಾಟಕ ನಡೆಯುತ್ತಿತ್ತು. ಒಂದು ಸುಳಿವಿನ ಚಿತ್ರ ತೋರಿಸೋಣ ಅಂತ ವಸುಧಾ ತನ್ನ ಸ್ಕ್ರೀನ್ ಶೇರ್ ಮಾಡಿದಳು…

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ರುದ್ರೇಶಪ್ಪನವರ ಮೆಸೇಜ್ ಬಂದು ನಿಂತಿತು.

"ಉತ್ತರ 4172. ನೀವು ಬಾಯಿ ಬಿಡಬೇಡಿ. ಅಂಬುಜಾಕ್ಷಿಯವರಿಗೆ ಇನ್ನೂ ಐದು ನಿಮಿಷ ಕೊಡೋಣ. ಆಗದಿದ್ರೆ ಹೋದ ಸಲದ ತರ ಹುಡುಗ ಸುಳಿವು ಕೊಡ್ತಾನೆ."

ಟೀಚರ್ ಎರಡು ಸಲ ಓದಿದರು.

ಅವರನ್ನು ಬಿಟ್ಟು ಇಬ್ಬರದೇ ಇನ್ನೊಂದು ಗ್ರೂಪ್… ಐದು ವಾರವೂ ಇವರಿಗೆ ಉತ್ತರ ಮೊದಲೇ ಸಿಕ್ಕಿತ್ತು. ಸಿಕ್ಕಿಯೂ ಪೆದ್ದರಂತೆ ಕೂತಿದ್ದರು!

"ನೀನೂ… ನೀನೂನಾ ಮಗಾ?" ಅಂತ ಟೀಚರ್ ಕೈದಿಯನ್ನು ಕೇಳಿದರು.

ಅವನು ವೇಷ ಮರೆತು ತಲೆ ತಗ್ಗಿಸಿದ. "ನಿಮ್ಮನ್ನೇ ಗೆಲ್ಲಿಸು ಅಂತ ವಸುಧಾ ಮೇಡಂ ಮೊದಲೇ ಫೋನ್ ಮಾಡಿ ಹೇಳಿದ್ರು… ಸಾರಿ ಅಮ್ಮಾ."

ಟೀಚರ್ ಲ್ಯಾಪ್‌ಟಾಪ್ ಮುಚ್ಚಿದರು. ಸೋಮವಾರ ಬೆಳಗ್ಗೆ ಸಂಪಾದಕರಿಗೆ "ನನ್ನಿಂದ ಆಗಲ್ಲ ಸಾರ್" ಅಂದುಬಿಟ್ಟರು.

ವಸುಧಾ ಮನೆಗೇ ಓಡಿಬಂದಳು. "ನಿನಗೋಸ್ಕರ ಮಾಡಿದ್ದು ಕಣೇ! ನೀನು ನಗೋದನ್ನ ನೋಡಿ ಎಷ್ಟು ತಿಂಗಳಾಗಿತ್ತು…"

ಟೀಚರ್ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಸೋತಿದ್ರೆ ನಾನು ಅಳ್ತಿರ್ಲಿಲ್ಲ ವಸು… ನನ್ನ ತಲೆ ಸರಿಯಾಯ್ತು ಅಂತ ನಂಬಿದ್ದೆ. ಆ ನಂಬಿಕೆನೇ ಸುಳ್ಳು ಮಾಡಿದ್ರಲ್ಲ. ಬೇರೆಯವರು 'ಪಾಪ' ಅಂದ್ರೆ ತಡ್ಕೋತೀನಿ… ನೀನೂನಾ?"

ವಸುಧಾ ಬಂದ ದಾರಿಯಲ್ಲೇ ವಾಪಸ್ ಹೋದಳು.

ಆ ವಾರ ಟೀಚರ್ ಯಾರ ಫೋನೂ ಎತ್ತಲಿಲ್ಲ. ಮುಂದಿನ ಭಾನುವಾರ ಒಬ್ಬರೇ ಬೇರೆ ತಂಡದ ನಾಟಕಕ್ಕೆ ಟಿಕೆಟ್ ತೆಗೆದುಕೊಂಡರು. ಬೇರೆ ನಟ… ಜೊತೆಗೆ ಆಡುವವರೆಲ್ಲ ಗುರುತು ಪರಿಚಯ ಇಲ್ಲದ ಕಾಲೇಜು ಹುಡುಗ ಹುಡುಗಿಯರು. ಸ್ಟ್ರೋಕ್ ವಿಷಯ ಯಾರಿಗೂ ಗೊತ್ತಿಲ್ಲ.

ಅಬ್ಬಾ, ಆ ಮಕ್ಕಳ ಗದ್ದಲವೇ! ಟೀಚರ್ ಒಂದು ಪದ ಹುಡುಕುವಷ್ಟರಲ್ಲಿ ಅವರು ಮೂರು ಮಾತಾಡಿ ಮುಗಿಸಿರುತ್ತಿದ್ದರು.

"ಆಂಟಿ, ಬೇಗ ಹೇಳಿ, ಟೈಮ್ ಇಲ್ಲ!" ಅಂತ ಒಬ್ಬಳು ರೇಗಿದಳು.

ಎದುರಿಗೆ ಉರಿಯುತ್ತಿದ್ದ ನಾಲ್ಕು ಮೇಣದಬತ್ತಿ. ಒಂದೊಂದರ ಕೆಳಗೂ ಒಂದು ಅಂಕಿ. ಮಕ್ಕಳು ಎಡದಿಂದ, ಬಲದಿಂದ, ಎಲ್ಲ ತರ ಹಾಕಿಸಿ ನೋಡಿದರು… ಬೀಗ ಜಪ್ಪಯ್ಯ ಅನ್ನಲಿಲ್ಲ.

ಟೀಚರ್ ದನಿ ಏರಿಸಿದರು. "ಸ್ವಲ್ಪ… ಸುಮ್ಮನಿರಿ! ಎಲ್ಲಾ ಒಂದೇ ಅಳತೆ ಬತ್ತಿ. ತುಂಬ ಕರಗಿರೋದು… ಮೊದಲು ಹಚ್ಚಿದ್ದು. ಚಿಕ್ಕದರಿಂದ ಶುರು ಮಾಡಿ!"

ಬೀಗ ಕಳಚಿ ಬಿತ್ತು.

"ಆಂಟಿ, ಸೂಪರ್! ಮುಂದಿನದು ನೋಡಿ, ಬೇಗ ಬೇಗ!" ಅಷ್ಟೇ. ಚಪ್ಪಾಳೆ ತಟ್ಟುವ ಪುರುಸೊತ್ತೂ ಯಾರಿಗಿರಲಿಲ್ಲ.

ಇನ್ನೂ ಎರಡು ಬೀಗ ಉಳಿದಿದ್ದಾಗಲೇ ಸಮಯ ಮುಗಿಯಿತು. ಕೈದಿ ಒಳಗೇ ಉಳಿದ. ತಂಡ ಸೋತಿತು.

ಟೀಚರ್ ಒಬ್ಬರೇ ಕೂತು ಅತ್ತರು… ಅಳುತ್ತಲೇ ನಕ್ಕರು.

ಸ್ವಲ್ಪ ಹೊತ್ತಿಗೆ ವಸುಧಾ ಫೋನ್. ಈ ಸಲ ಎತ್ತಿದರು.

"ಎಲ್ಲಿದ್ದೀಯೇ? ಏನ್ ಮಾಡ್ತಿದ್ದೆ?"

"ನಾಟಕ ಆಡ್ತಿದ್ದೆ. ಸೋತೆ ಕಣೇ… ಆದ್ರೆ ಒಂದು ಬೀಗ ನಾನೇ ತೆಗೆದೆ. ಯಾರೂ ಬಿಟ್ಟುಕೊಟ್ಟಿದ್ದಲ್ಲ."

ಆ ಕಡೆ ವಸುಧಾ ಬಿಕ್ಕಿದಳು. "ನಮ್ಮನ್ನ ಕ್ಷಮಿಸಿದ್ಯಾ ಅಂಬು?"

"ಇನ್ನೂ ಇಲ್ಲ. ಅದಕ್ಕೆ ಟೈಮ್ ಬೇಕು… ಈಗ ಫೋನ್ ಇಡು. ಸಂಪಾದಕರಿಗೆ ಕಾಲ್ ಮಾಡೋದಿದೆ."

*

ಪಾಪ ಅಂತ ಗೆಲ್ಲಿಸುವುದಕ್ಕಿಂತ, ಸರಿಸಮ ಅಂತ ಜೊತೆಗೆ ಆಡುವುದೇ ದೊಡ್ಡ ಪ್ರೀತಿ.

ನೀವೂ ಯಾರಿಗಾದರೂ ಹೀಗೆ ಸೋತುಕೊಡುತ್ತಿದ್ದೀರಾ…? ಅದು ಅವರಿಗೆ ಗೊತ್ತಾದ ದಿನ, ಅವರ ಮುಖ ನೋಡಿ ಏನು ಹೇಳುತ್ತೀರಿ?