ಜೋಡಿ ಪಾಸ್‌ಪೋರ್ಟ್

ಸಿಯಾಟಲ್ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿದ್ದ ಹೆಂಗಸು ಯಾಮಿನಿಯ ಅಮೆರಿಕನ್ ಪಾಸ್‌ಪೋರ್ಟ್ ಬಿಡಿಸಿದವಳು ಕನ್ನಡಕ ಏರಿಸಿಕೊಂಡಳು. ಉಗುರಿನಿಂದ ಏನನ್ನೋ ಮೆಲ್ಲಗೆ ಕೆರೆದು ನೋಡಿದಳು. ಬರಲಿಲ್ಲ. ಆಮೇಲೆ ಪುಟವನ್ನು ಯಾಮಿನಿಯ ಕಡೆ ತಿರುಗಿಸಿದಳು. ಫೋಟೋದ ಯಾಮಿನಿಯ ಹಣೆಯ ನಡುವೆ, ಮೆಣಸುಕಾಳಿನಷ್ಟು ದಪ್ಪದ ಕೆಂಪು ಬೊಟ್ಟೊಂದು ಗಟ್ಟಿಯಾಗಿ ಕೂತಿತ್ತು.

"ಫೋಟೋ ಮೇಲೆ ಬಣ್ಣ ಬಿದ್ದ ಪಾಸ್‌ಪೋರ್ಟನ್ನು ನಾನು ಒಪ್ಪುವ ಹಾಗಿಲ್ಲ. ನಾನು ಒಪ್ಪಿದರೂ ಲಂಡನ್ನಿನಲ್ಲಿ ಒಪ್ಪುವುದಿಲ್ಲ," ಎಂದಳು ಆಕೆ ಇಂಗ್ಲಿಷಿನಲ್ಲಿ. ಎಷ್ಟು ಮೆತ್ತಗೆ ಹೇಳಿದರೂ ಇಲ್ಲ ಅಂದರೆ ಇಲ್ಲವೇ.

ಲಂಡನ್ನಿನಲ್ಲಿ ಯಾಮಿನಿಯ ತಂಗಿ ತೇಜಶ್ರೀ ದಿನ ತುಂಬುವ ಮೊದಲೇ ನೋವು ಶುರುವಾಗಿ ಆಸ್ಪತ್ರೆ ಸೇರಿದ್ದಳು. ಅವಳ ಗಂಡ ಹಡಗಿನ ಕೆಲಸದವನು, ಯಾವುದೋ ನಡುಗಡಲಿನಲ್ಲಿದ್ದ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಬಾಣಂತನಕ್ಕೆ ಇದ್ದವಳು ಅಕ್ಕನೊಬ್ಬಳೇ, ಆ ಅಕ್ಕ ಇಲ್ಲಿ ಕೌಂಟರಿನ ಮುಂದೆ ಸಿಕ್ಕಿಕೊಂಡಿದ್ದಳು.

ಗಂಡ ಶರತ್ ಕಾರು ನಿಲ್ಲಿಸಲು ಹೋಗಿದ್ದ. ಹಿಂದೆ ಟ್ರಾಲಿ ಹಿಡಿದು ನಿಂತಿದ್ದವರು ಅತ್ತೆ ಬೆಟ್ಟಮ್ಮ. ಹೊರಡುವಾಗ ಪಾಸ್‌ಪೋರ್ಟನ್ನು ದೇವರ ಮುಂದಿಟ್ಟು, ಆಮೇಲೆ ಸೊಸೆಯ ಕೈಗೆ ಕೊಟ್ಟವರು ಅವರೇ.

"ಅತ್ತೆ, ಇದೇನಿದು? ಕುಂಕುಮ ಇಟ್ರಾ ಇದಕ್ಕೆ?"

"ಶಿವಶಿವಾ, ನಾನ್ಯಾಕೆ ಕುಂಕುಮ ಮುಟ್ಲಿ?" ಬೆಟ್ಟಮ್ಮ ಗಾಬರಿಯಾದರು. "ನಿನ್ನ ಉಗುರುಬಣ್ಣ ಕನವ್ವ ಅದು."

"ನೇಲ್ ಪಾಲಿಶಾ!"

"ಒಳ್ಳೆ ಕೆಲ್ಸಕ್ಕೆ ಹೊಂಟಿದ್ದೀಯೆ. ಆ ಫೋಟೋದಲ್ಲಿ ಬೋಳು ಹಣೆ. ನೋಡಕ್ಕಾಗ್ನಿಲ್ಲ ನಂಗೆ. ಕುಂಕುಮ ಇಟ್ಟು ಕಳ್ಸಾಕೆ ಮನೇಲಿ ಇನ್ನೊಬ್ಬ ಮುತ್ತೈದೆ ಇಲ್ಲ, ನಾನು ಇಡೋ ಹಂಗಿಲ್ಲ. ಉಗುರುಬಣ್ಣಕ್ಕೆ ಅದ್ಯಾವ ಶಾಸ್ತ್ರ ಅಂತವ..."

ಯಾಮಿನಿಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಅದು ನಾಲಿಗೆಗೆ ಇಳಿಯಲಿಲ್ಲ. ಮಾವ ಹೋದ ಮೇಲೆ ಅತ್ತೆ ಕುಂಕುಮದ ಭರಣಿಗೆ ಕೈ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಗೌರಿಹಬ್ಬಕ್ಕೆ ಗೆಳತಿಯರು ಬಂದಾಗಲೆಲ್ಲ ಅತ್ತೆ ಅಡುಗೆಮನೆ ಬಿಟ್ಟು ಈಚೆ ಬರುತ್ತಿರಲಿಲ್ಲ. ಕೆಲಸವಿರಬೇಕು ಎಂದುಕೊಂಡು ಸುಮ್ಮನಿದ್ದಳು, ಅಷ್ಟೇ.

"ನಿಮ್ಮ ಹತ್ತಿರ ಬೇರೆ ಪಾಸ್‌ಪೋರ್ಟ್ ಏನಾದರೂ ಇದೆಯೇ?" ಕೌಂಟರಿನವಳು ಕೇಳಿದಳು.

ಇತ್ತು. ಸಿಯಾಟಲ್‌ಗೆ ಬರುವ ಮೊದಲು ಅವರು ವ್ಯಾಂಕೂವರಿನಲ್ಲಿದ್ದು ಕೆನಡಾದ ಪ್ರಜೆಗಳೂ ಆಗಿದ್ದರು. ಆದರೆ ಯಾಮಿನಿಯ ಲೆಕ್ಕದಲ್ಲಿ ಆ ಪಾಸ್‌ಪೋರ್ಟ್ ಇದ್ದದ್ದು ಶೋರ್‌ಲೈನಿನ ಮನೆಯ ಬೀರುವಿನಲ್ಲಿ. ಈ ಸಂಜೆಯ ಟ್ರಾಫಿಕ್ಕಿನಲ್ಲಿ ಇಡೀ ಸಿಯಾಟಲ್ ದಾಟಿ ಹೋಗಿ ಬರುವಷ್ಟರಲ್ಲಿ ವಿಮಾನ ಮೋಡದ ಮೇಲಿರುತ್ತಿತ್ತು.

"ಇನ್ನೊಂದು ಕೇಳ್ತಾವ್ಳಾ?" ಎಂದರು ಬೆಟ್ಟಮ್ಮ.

"ಹ್ಞೂಂ. ಅದು ಮನೇಲಿದೆ ಅತ್ತೆ."

"ಮನೇಲಿ ಯಾಕಿದ್ದಾತು?" ಅವರು ಆಗಲೇ ಟ್ರಾಲಿಯ ಮೇಲಿದ್ದ ಬಾಣಂತಿ ಸಾಮಾನಿನ ಗಂಟು ಬಿಚ್ಚುತ್ತಿದ್ದರು. ಓಮದ ಪೊಟ್ಟಣ, ಒಡೆಯದ ಅರಿಸಿನ ಕುಂಕುಮದ ಪ್ಯಾಕೆಟ್ಟು, ಮೆತ್ತನೆಯ ಹಳೆ ಸೀರೆ. ಸೀರೆಯ ಮಡಿಕೆಯೊಳಗಿಂದ ಕೆನಡಾ ಪಾಸ್‌ಪೋರ್ಟ್ ಈಚೆ ಬಂತು. "ಎರಡ್ನೂ ದೇವ್ರ ಮುಂದೆ ಮಡಗಿದ್ದೆ. ಒಳ್ಳೇದಕ್ಕೆ ಹೋಗೋವಾಗ ಒಂಟಿ ಕಳುಸ್ಬಾರ್ದು ಕನವ್ವ. ವೀಳ್ಯದೆಲೆನೂ ಜೋಡೀಲೇ ಅಲ್ವಾ ಕೊಡಾದು?"

ಯಾಮಿನಿ ಹೆದರುತ್ತಲೇ ಪುಟ ತೆರೆದಳು. ವ್ಯಾಂಕೂವರಿನ ದಿನಗಳ ಫೋಟೋ. ಆಗಿನ್ನೂ ಅವಳು ಸ್ಟಿಕ್ಕರ್ ಇಡುತ್ತಿದ್ದಳು, ಕಂಡೂ ಕಾಣದಷ್ಟು ಚಿಕ್ಕದು. ಅದರ ಮೇಲೆ ಇನ್ನೇನೂ ಇರಲಿಲ್ಲ.

"ಅದ್ರಲ್ಲಿ ಹಣೆ ಸರಿಯಾಗೈತಲ್ಲ, ಅದ್ಕೇ ಅದ್ರ ತಂಟೆಗೆ ಹೋಗ್ನಿಲ್ಲ," ಎಂದರು ಬೆಟ್ಟಮ್ಮ.

ಕೌಂಟರಿನವಳು ಹೊಸ ನಂಬರು ಟೈಪು ಮಾಡಿ, ಬೋರ್ಡಿಂಗ್ ಪಾಸ್ ಕೈಗಿಟ್ಟಳು. "ಹೋಗುವುದಕ್ಕೆ ಇದು ಸಾಕು. ವಾಪಸ್ ಬರುವುದಕ್ಕೆ ಅಮೆರಿಕದ್ದೇ ಬೇಕು, ಲಂಡನ್ನಿನ ಎಂಬೆಸಿಯಲ್ಲಿ ಹೊಸದು ಮಾಡಿಸಿಕೊಳ್ಳಿ." ಯಾಮಿನಿ ಅವಳಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದಳೋ ಲೆಕ್ಕವಿಲ್ಲ. ನಿಜಕ್ಕೂ ಹೇಳಬೇಕಾದವರು ಪಕ್ಕದಲ್ಲಿ ಗಂಟು ಕಟ್ಟುತ್ತಿದ್ದರು. ಕೆಡಿಸಿದ ಕೈಯೇ ಉಳಿಸಿತ್ತು.

ಸೆಕ್ಯೂರಿಟಿ ಸಾಲಿನ ಹತ್ತಿರ ಬೆಟ್ಟಮ್ಮ ತಲೆ ತಗ್ಗಿಸಿ, "ತಪ್ಪಾಯ್ತು ಕನವ್ವ. ನಿಂಗೊಂದು ಮಾತು ಯೋಳ್ದೆ ಮಾಡ್ಬಾರ್ದಿತ್ತು," ಎಂದರು.

ಯಾಮಿನಿ ಗಂಟಿನಿಂದ ಕುಂಕುಮದ ಪ್ಯಾಕೆಟ್ ತೆಗೆದು ಹಲ್ಲಿನಿಂದ ಹರಿದು ಅತ್ತೆಯ ಮುಂದೆ ಹಿಡಿದಳು. "ಫೋಟೋಗೆ ಇಟ್ಟಿದ್ದು ಸಾಕು. ಈಗ ಇಲ್ಲಿಡಿ," ಎಂದು ಹಣೆ ಬಾಗಿಸಿದಳು.

"ನಾನಾ? ಯಾರಾದ್ರೂ ನೋಡುದ್ರೆ?"

"ನೋಡ್ಲಿ ಬಿಡಿ. ನಮ್ಮಮ್ಮ ಇಲ್ಲ ಅತ್ತೆ. ಇವತ್ತು ನೀವಿರ್ಲಿಲ್ಲ ಅಂದಿದ್ರೆ ನಾನು ತೇಜು ಹತ್ರ ಹೋಗ್ತಾನೇ ಇರ್ಲಿಲ್ಲ. ನೀವಿಡದೆ ಇನ್ಯಾರು ಇಡ್ತಾರೆ?"

ಬೆಟ್ಟಮ್ಮ ಸುತ್ತಮುತ್ತ ಒಮ್ಮೆ ನೋಡಿದರು. ಹಿಂದಿದ್ದ ಎತ್ತರದ ಬಿಳಿಯನೊಬ್ಬ, ಅವಸರವೇನಿಲ್ಲ ಎಂಬಂತೆ ತನ್ನ ಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡ. ಬೆಟ್ಟಮ್ಮ ಉಂಗುರಬೆರಳಿನಿಂದ ಇಟ್ಟ ಬೊಟ್ಟು ಸ್ವಲ್ಪ ಸೊಟ್ಟಗಾಯಿತು.

ಸಾಲು ದಾಟಿದ ಮೇಲೆ ಯಾಮಿನಿ ತಿರುಗಿ ನೋಡಿದಳು. ಶರತ್ ಬಂದು ಅಮ್ಮನ ಕೈ ಒರೆಸಲು ಟಿಶ್ಯೂ ಚಾಚಿದ್ದ. ಬೆಟ್ಟಮ್ಮ ಬೇಡವೆಂದು ತಲೆಯಾಡಿಸಿ, ಕೆಂಪಾದ ಉಂಗುರಬೆರಳನ್ನು ಸೀರೆಗೂ ತಾಗದಂತೆ ಮೇಲೆತ್ತಿ ಹಿಡಿದೇ ನಿಂತಿದ್ದರು.