ಕಾಲು ಓದುವವಳು

ಗಿರಾಕಿಯ ಹಳೆಯ ಶೂ ಕೈಗೆ ಬಂತು. ತಿರುಗಿಸಿ ಅಟ್ಟೆ ನೋಡಿದ್ದೇ ತಡ, ಅವಳ ಜೀವ ಬಾಯಿಗೆ ಬಂತು.

ಬಲಗಾಲಿನ ಹಿಮ್ಮಡಿ ಹೊರ ಅಂಚಿನಲ್ಲಿ ಸವೆದು ಚಪ್ಪಟೆಯಾಗಿತ್ತು. ಎಡಗಾಲಿನದು ಹೆಬ್ಬೆರಳಿನ ಕೆಳಗೆ ಮಾತ್ರ ತೂತು ಬೀಳುವಷ್ಟು ತೆಳುವಾಗಿತ್ತು. ಸಾವಿರಾರು ಜೊತೆ ತಿರುಗಿಸಿ ನೋಡಿದ ಕೈ ಅದು. ಇಂಥ ಸವೆತ ಅವಳು ಕಂಡದ್ದು ಒಬ್ಬನ ಶೂನಲ್ಲಿ ಮಾತ್ರ. ಗಂಡನದ್ದರಲ್ಲಿ.

"ಹಳೇ ಶೂ ತಂದ್ರೇನೇ ಇಲ್ಲಿ ಹೊಸದು ಕೊಡೋದು," ಎಂದು ಅಂಗಡಿಯ ಮಾಲೀಕ ಗಲ್ಲಾಪೆಟ್ಟಿಗೆಗೆ ಬೀಗ ಹಾಕುತ್ತಾ ನಗಾಡಿದ. "ನಮ್ಮಕ್ಕ ಅಟ್ಟೆ ನೋಡಿ ನಿಮ್ಮ ಜಾತಕಾನೇ ಹೇಳಿಬಿಡ್ತಾರೆ, ನೋಡ್ತಾ ಇರಿ! ಅಕ್ಕಾ, ನಾನು ಊಟ ಮುಗಿಸ್ಕೊಂಡು ಬಂದ್ಬಿಡ್ತೀನಿ."

ಬಾಗಿಲು ಮುಚ್ಚಿತು. ಒಳಗೆ ಇಬ್ಬರೇ ಉಳಿದರು.

"ಬೆಟ್ಟದ ಕಾಲುದಾರೀಲಿ ಓಡೋಕೆ ಬೇಕು," ಎಂದ ಅವನು. "ಕಾಲಿಗೆ ಹಾಯಾಗಿರಬೇಕು. ಕಲ್ಲಿನ ಮೇಲೆ ಪಾದ ಹೊರಳಬಾರದು."

ದನಿಯೂ ಅದೇ. ಹದಿನಾಲ್ಕು ವರ್ಷ ಕಳೆದರೂ ಒಂಚೂರೂ ವಯಸ್ಸಾಗದ ದನಿ.

ಅವಳು ತಲೆ ಎತ್ತಲಿಲ್ಲ. ಎತ್ತುವ ಧೈರ್ಯ ಎಲ್ಲಿಂದ ತರಬೇಕು? ಆ ಮನೆಯಲ್ಲಿ ಮುಖ ನೋಡಿದರೆ ಏಟು ಬೀಳುತ್ತಿತ್ತು. ಅದಕ್ಕೇ ಕಾಲು ನೋಡುವುದನ್ನು ಕಲಿತಳು, ಮಗನಿಗೂ ಹೇಳಿಕೊಟ್ಟಳು. ಹೆಜ್ಜೆ ಬೀಳುವ ರೀತಿಯಲ್ಲೇ ಇವತ್ತು ಬಡಿತವೋ ಬರೀ ಬೈಗುಳವೋ ಎಂದು ತಿಳಿದುಬಿಡುತ್ತಿತ್ತು. ಅದೇ ವಿದ್ಯೆ ಈಗ ಹೊಟ್ಟೆ ಹೊರೆಯುತ್ತಿದೆ, ವಿಚಿತ್ರ ನೋಡಿ.

ಬಿಟ್ಟು ಬಂದದ್ದು ಒಂದು ಮಟಮಟ ಮಧ್ಯಾಹ್ನ. ಬೆಳಿಗ್ಗೆ ಆರು ವರ್ಷದ ಮಗನಿಗೆ ಶೂ ಹಾಕಿ, "ಎರಡು ಕಿವಿ, ಒಂದು ಗಂಟು, ಬಾಲ ಹೊದಿಕೆಯೊಳಗೆ, ಇಲಿ ಮಲಗಿತು" ಎಂದು ಲೇಸಿನ ತುದಿಗಳನ್ನು ಒಳಗೆ ಸಿಕ್ಕಿಸಿ ಶಾಲೆಗೆ ಕಳಿಸಿದ್ದಳು. ಮಧ್ಯಾಹ್ನ ಗಂಡ ಕಬ್ಬಿಣದ ಸರಳು ಎತ್ತಿಕೊಂಡ. ಅವಳು ಬರಿಗಾಲಲ್ಲೇ ಓಡಿದಳು. ಎಲ್ಲಿದ್ದರೂ ಹುಡುಕಿ ಕೊಲ್ಲುತ್ತೇನೆ ಎಂದು ಅವನು ಅರಚಿದ್ದು ಬೀದಿಗೆಲ್ಲ ಕೇಳಿಸಿತ್ತು. ಮಗನನ್ನು ಕರೆತರಲು ಮೂರು ಸಲ ಶಾಲೆಯ ಗೇಟಿನ ತನಕ ಹೋದಳು. ಮೂರು ಸಲವೂ ಅಲ್ಲಿ ಆ ಕಾಲುಗಳು ಕಾಯುತ್ತಿದ್ದವು.

"ಕೂತ್ಕೊಳ್ಳಿ," ಎಂದಳು. ಕಾಲುಚೀಲದ ಪಾದವನ್ನು ಅಳತೆ ಹಲಗೆಯ ಮೇಲೆ ಇಟ್ಟಳು. ಒಂಬತ್ತು. ಅದೂ ಅದೇ.

ಒಂದು ಜೊತೆ ತೊಡಿಸಿದಳು. "ಆ ಇಳಿಜಾರು ಹಲಗೆ ಮೇಲೆ ನಿಂತ್ಕೊಳ್ಳಿ. ಬೆರಳು ಮುಂದಕ್ಕೆ ತಾಗುತ್ತಾ?"

"ತಾಗಲ್ಲ. ಹಿಮ್ಮಡಿ ಜಾರುತ್ತೆ." ನೆಲದ ಮೇಲಿನ ಗಿಡ್ಡ ಕನ್ನಡಿಯಲ್ಲಿ ಅವನ ಮೊಣಕಾಲಿನ ತನಕ ಮಾತ್ರ ಕಾಣುತ್ತಿತ್ತು. "ನಿಮ್ಮನ್ನ ಹುಡುಕೋಕೆ ಎಷ್ಟು ಅಂಗಡಿ ಸುತ್ತಿದೀನಿ ಗೊತ್ತಾ?"

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಅಟ್ಟೆ ಓದೋ ಹೆಂಗಸು ಒಬ್ರು ಇದಾರೆ ಅಂತ ಜೊತೆಗೆ ಓಡೋರು ಹೇಳಿದ್ರು. ಅವತ್ತೇ ಅಂದ್ಕೊಂಡೆ."

"ಏ... ಏನಂತ?"

ಅವನ ಬಲ ಹಿಮ್ಮಡಿ ಹಲಗೆಯನ್ನು ಕುಟ್ಟತೊಡಗಿತು. ಟಕ್, ಟಕ್, ಟಕ್. ಸರಳು ಎತ್ತುವ ಮುಂಚೆಯೂ ಹೀಗೇ ಕುಟ್ಟುತ್ತಿತ್ತು.

"ಹಿಮ್ಮಡಿ ಬಿಗಿ ಇರೋದು ಒಳಗಿದೆ. ತರ್ತೀನಿ," ಎಂದವಳೇ ಗೋದಾಮಿಗೆ ನುಗ್ಗಿದಳು.

ಅಲ್ಲಿ ಹಿಂಬಾಗಿಲಿಲ್ಲ, ಕಿಟಕಿಯಿಲ್ಲ. ಛಾವಣಿ ಮುಟ್ಟುವ ಡಬ್ಬಗಳು. ಫೋನು ಗಲ್ಲಾಪೆಟ್ಟಿಗೆಯ ಹತ್ತಿರವೇ ಉಳಿದಿತ್ತು. ಓಡುವುದೊಂದೇ ದಾರಿ. ಚಪ್ಪಲಿ ಅಂಗಡಿಯ ಬಾಗಿಲ ಹೊರಗಿತ್ತು. ಆದರೆ ಬರಿಗಾಲಲ್ಲಿ ಇನ್ನೊಂದು ಸಲ ಓಡುವುದಿಲ್ಲ ಎಂದು ಹಲ್ಲು ಕಚ್ಚಿದಳು. ಡಬ್ಬ ಎಳೆದಳು. ಐದರ ಅಳತೆ, ಅಗಲ ಅಟ್ಟೆ, ಕಲ್ಲು ಹಿಡಿಯುವ ಹಲ್ಲು, ಗಟ್ಟಿ ಹಿಮ್ಮಡಿ. ಊರಿಗೆಲ್ಲ ಶೂ ಆರಿಸಿದವಳು ತನಗಾಗಿ ಆರಿಸಿದ್ದು ಅದೇ ಮೊದಲು. ಎಡಗಾಲಿನ ಲೇಸು ಹೇಗೋ ಬಿಗಿಯಿತು. ಬಲಗಾಲಿನದಕ್ಕೆ ಪುರುಸೊತ್ತಾಗಲಿಲ್ಲ, ಹೊರಗೆ ಹೆಜ್ಜೆ ಸಮೀಪಿಸುತ್ತಿತ್ತು.

ಖಾಲಿ ಡಬ್ಬವನ್ನು ಅವನ ಮುಖಕ್ಕೆ ಎಸೆಯುವುದು, ಬಾಗಿಲಿಗೆ ಓಡುವುದು. ಅಷ್ಟೇ ಲೆಕ್ಕ ಹಾಕಿ ಹೊರಬಂದಳು.

ಅವನು ಅವಳಿಗೂ ಅಂಗಡಿ ಬಾಗಿಲಿಗೂ ನಡುವೆ ನಿಂತಿದ್ದ.

"ನೀವೂ ಓಡ್ತೀರಾ?"

"ಹ್ಞೂ."

"ಇನ್ನೂ ಓಡ್ತಾನೇ ಇದೀರಾ?"

ಒಂದು ಹೆಜ್ಜೆ ಮುಂದೆ ಬಂದ. ಅವಳು ಡಬ್ಬ ಎತ್ತಿದಳು. ಕಾಲು ಮಾತ್ರ ಕಿತ್ತು ಇಡಲಾಗಲಿಲ್ಲ.

"ಬಲಗಾಲಿನ ಲೇಸ್ ಬಿಚ್ಚಿದೆ. ಮುಗ್ಗರಿಸಿ ಬಿದ್ದುಬಿಡ್ತೀರಿ."

ಅವನು ಅವಳೆದುರು ಮಂಡಿಯೂರಿದ. ಕೈ ಅವಳ ಪಾದದ ಕಡೆ ಬಂತು. ಉಗುರು ಕಚ್ಚಿ ಕಚ್ಚಿ ಮೊಂಡಾದ ಎಳೆಯ ಬೆರಳುಗಳು. ಲೇಸಿಗೆ ಎರಡು ಕುಣಿಕೆ ಮಾಡಿದವು. ಒಂದು ಗಂಟು ಬಿಗಿದವು. ತುದಿಗಳನ್ನು ಮೆಲ್ಲಗೆ ಒಳಗೆ ಸಿಕ್ಕಿಸಿದವು.

"ಇಲಿ ಮಲಗಿತು, ಅಮ್ಮಾ."