ಉಸ್ಸಪ್ಪನಿಗೆ ಧನ್ಯವಾದ

ಮೂರನೆಯ ಚೀಟಿಯಲ್ಲೂ ಉಸ್ಸಪ್ಪ ಬಂದಾಗ ಗಣಿತದ ಟೀಚರ್ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಓದಿದರು. ಟರ್ಮಿನ ಕೊನೆಗೆ ಬರುವ ಶಾಲೆಯ ಸುದ್ದಿಹಾಳೆಗೆ ಬಹುಮಾನ ಗೆದ್ದವರೆಲ್ಲ ಒಂದೊಂದು ಸಾಲು ಕೃತಜ್ಞತೆ ಬರೆದುಕೊಡಬೇಕು. ಅದು ಕಾನ್ವೆಂಟಿನಲ್ಲಿ ಮೊದಲಿನಿಂದ ಬಂದ ಪದ್ಧತಿ. ಚೆಸ್ಸಿನಲ್ಲಿ ಗೆದ್ದವಳು ದೇವರಿಗೆ, ಅಪ್ಪ ಅಮ್ಮನಿಗೆ, ಹೆಡ್‌ಮಿಸ್ಟ್ರೆಸ್ ಸಿಸ್ಟರಿಗೆ, ಉಸ್ಸಪ್ಪನಿಗೆ ಎಂದು ಬರೆದಿದ್ದಳು. ಬ್ಯಾಡ್ಮಿಂಟನ್ನಿನವಳದೂ ಅದೇ ಪಟ್ಟಿ. ಬೈಬಲ್ ಕ್ವಿಜ್‌ನಲ್ಲಿ ಕಪ್ ತಂದವಳಂತೂ ದೇವರಿಗಿಂತ ಮೊದಲು ಉಸ್ಸಪ್ಪನನ್ನೇ ಕೂರಿಸಿದ್ದಳು.

ಅದು ಹೆಣ್ಣುಮಕ್ಕಳ ಶಾಲೆ. ಬಲಿಪೂಜೆಗೆ ಬರುವ ಫಾದರ್ ಮತ್ತು ಗೇಟಿನ ವಾಚ್‌ಮನ್ ಬಿಟ್ಟರೆ ಗಂಡಸರ ಸುಳಿವೇ ಇಲ್ಲ. ಇವನ್ಯಾರಪ್ಪ ಎಂದು ಟೀಚರಿಗೆ ದಿಗಿಲಾಯಿತು. ಸುದ್ದಿಹಾಳೆ ಮೂರು ಗಂಟೆಗೆ ಪ್ರೆಸ್ಸಿಗೆ ಹೋಗಬೇಕು. ಚೆಸ್ಸಿನವಳಿಗೆ ಹೇಳಿ ಕಳಿಸಿದರು.

"ಯಾರೇ ಈ ಉಸ್ಸಪ್ಪ?"

ಹುಡುಗಿ ಕಿಸಕ್ಕನೆ ನಕ್ಕಳು. "ಅಯ್ಯೋ, ಅವಳು ನಮ್ಮ ಕ್ಲಾಸಿನವಳೇ ಟೀಚರ್. ಹೋದ ವರ್ಷ ಹೊಸದಾಗಿ ಸೇರಿದ್ಲಲ್ಲ, ಕೊನೇ ಬೆಂಚು. ಸೋತಾಗೆಲ್ಲ 'ಉಸ್ಸಪ್ಪಾ, ಸ್ವಲ್ಪದರಲ್ಲಿ ಹೋಯ್ತು' ಅಂತಾಳೆ. ಅದಕ್ಕೇ ಆ ಹೆಸರು."

"ಅವಳಿಗೆ ಯಾಕೆ ಧನ್ಯವಾದ? ನಿನಗೇನು ಮಾಡಿದಳು?"

"ಸೋತಳು ಟೀಚರ್. ದಿನಾ. ಆದ್ರೆ ಸುಮ್ಮನೆ ಸೋಲಲ್ಲ, ನಮ್ಮ ಬೆವರಿಳಿಸಿ ಸೋಲ್ತಾಳೆ. ಅವಳ ಜೊತೆ ಆಡಿ ಆಡಿಯೇ ನಾನು ಪಳಗಿದ್ದು."

ಗಣಿತದವರಿಗೆ ಲೆಕ್ಕ ತಾಳೆಯಾಗದಿದ್ದರೆ ಊಟ ಸೇರುವುದಿಲ್ಲ. ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಟೀಚರ್ ಆಟದ ಮೇಡಮ್ಮಿನ ಕೋಣೆಗೆ ನಡೆದರು. ಈ ಟರ್ಮಿನ ಬ್ಯಾಡ್ಮಿಂಟನ್ ಅಭ್ಯಾಸದ ಪಂದ್ಯಗಳ ನೋಟ್‌ಬುಕ್ ಅಲ್ಲಿತ್ತು. ಉಸ್ಸಪ್ಪ ಆಡಿದ ಹದಿನೆಂಟು ಪಂದ್ಯ; ಹದಿನೆಂಟರಲ್ಲೂ ಸೋಲು; ಒಂದೊಂದು ಆಟದಲ್ಲೂ ಇಪ್ಪತ್ತೊಂದಕ್ಕೆ ಹತ್ತೊಂಬತ್ತು. ಎದುರಾಳಿ ಯಾರೇ ಇರಲಿ, ಗಟ್ಟಿಯಿರಲಿ ಜೊಳ್ಳಿರಲಿ, ಹತ್ತೊಂಬತ್ತು! ಲೈಬ್ರರಿಯಲ್ಲಿ ಕ್ವಿಜ್‌ಗೆ ತಯಾರಿ ಮಾಡಿಸುವ ವಯಸ್ಸಾದ ಸಿಸ್ಟರನ್ನು ಕೇಳಿದರೆ ಅವರು ಮರುಗಿದರು. "ಬೈಬಲ್ಲೆಲ್ಲ ಬಾಯಿಪಾಠ ಕಣಮ್ಮ ಅವಳಿಗೆ. ಕೊನೇ ಪ್ರಶ್ನೆಗೆ ಮಾತ್ರ ಪ್ರತಿ ಸಲ ಮರೆತುಹೋಗುತ್ತೆ, ಪಾಪ."

ಪಾಪವಂತೆ ಪಾಪ! ಟೀಚರ್ ಮೆಟ್ಟಿಲನ್ನು ಎರಡೆರಡಾಗಿ ಇಳಿದರು. ಇಷ್ಟು ಹದವಾಗಿ ಸೋಲಬೇಕಾದರೆ ಗೆಲ್ಲುವುದಕ್ಕಿಂತ ಎಷ್ಟು ಹೆಚ್ಚು ತಲೆ ಬೇಕು ಎಂದು ಯೋಚಿಸಿದಷ್ಟೂ ಅವರಿಗೆ ಬೆರಗಾಯಿತು.

ಆಟದ ಕೋಣೆಯಲ್ಲಿ ಆ ಹುಡುಗಿ ರಜೆಗೆ ಮುಂಚೆ ಚೆಸ್ ಕಾಯಿಗಳನ್ನು ಒರೆಸಿ ಜೋಡಿಸುತ್ತಿದ್ದಳು. ಸಣಕಲು ದೇಹ, ಬಿಗಿಯಾಗಿ ಹೆಣೆದ ಎರಡು ಜಡೆ. ಟೀಚರ್ ಪೀಠಿಕೆ ಹಾಕಲಿಲ್ಲ. "ಬೇಕಂತಲೇ ಸೋಲ್ತೀಯ, ಅಲ್ವಾ?"

ಅವಳ ಕೈಯಲ್ಲಿದ್ದ ಕುದುರೆ ಅಲ್ಲೇ ನಿಂತಿತು. ಅದನ್ನು ಮೆಲ್ಲಗೆ ಕೆಳಗಿಟ್ಟು ಕೇಳಿದಳು: "ಸುದ್ದಿಹಾಳೇಲಿ ಬರೀತೀರಾ ಟೀಚರ್?"

"ಬರೀದೆ ಬಿಡ್ತೀನಾ? ಮೂರು ಕಪ್ಪಿನ ಹಿಂದೆ ನೀನಿದ್ದೀಯ. ಮೊದಲ ಪುಟದಲ್ಲಿ ಫೋಟೋನೇ ಹಾಕಿಸ್ತೀನಿ."

"ದಮ್ಮಯ್ಯ, ಬೇಡ ಟೀಚರ್." ಹುಡುಗಿಯ ಕಣ್ಣು ತುಂಬಿಬಿಟ್ಟಿತು. "ಬಂದ ಮೊದಲನೇ ವಾರ ಎಲ್ಲರನ್ನೂ ಸೋಲಿಸಿಬಿಟ್ಟೆ. ಆಮೇಲೆ ಒಂದು ತಿಂಗಳು ಯಾರೂ ಆಟಕ್ಕೆ ಕರೀಲಿಲ್ಲ. ಡಬ್ಬಿನೂ ಒಬ್ಬಳೇ ಕೂತು ತಿಂದೆ. ಈಗ ಎಲ್ಲರೂ ಕರೀತಾರೆ, ನಾನು ತಾನು ಅಂತ. ಇದು ಗೊತ್ತಾದ್ರೆ ಮತ್ತೆ ಯಾರೂ ಬರಲ್ಲ."

ಈ ಮಗುವನ್ನು ತಾವು ಒಂದು ವರ್ಷ ಹಾಜರಿ ಕೂಗಿಯೂ ನೋಡಿರಲಿಲ್ಲವಲ್ಲ ಎಂದು ಟೀಚರಿಗೆ ನಾಚಿಕೆಯಾಯಿತು. ಎದುರಿನ ಕುರ್ಚಿ ಎಳೆದು ಕೂತರು. "ಆಯ್ತು, ಬರೆಯಲ್ಲ. ಆದ್ರೆ ಒಂದು ಷರತ್ತು. ನನ್ನ ಜೊತೆ ಒಂದಾಟ ಆಡಬೇಕು, ನಿಜವಾಗಿ."

"ನಿಜವಾಗಿ ಅಂದ್ರೆ, ನಿಜವಾಗೀನಾ ಟೀಚರ್?"

"ಅದೇನು ಹಾಗೆ ನೋಡ್ತೀಯ? ಕಾಲೇಜಲ್ಲಿ ಮೂರು ವರ್ಷ ನಾನೇ ಚಾಂಪಿಯನ್ ಕಣೇ. ಅಕಸ್ಮಾತ್ ಸೋತೆ ಅಂತಿಟ್ಕೋ, ಮೂತಿ ಊದಿಸಿಕೊಳ್ಳೋಕೆ ನಾನೇನು ಚಿಕ್ಕ ಹುಡುಗೀನಾ?"

ಹುಡುಗಿ ಆಡಿದಳು. ಅದೇನು ಆಟ! ಬೆನ್ನು ನೆಟ್ಟಗಾಯಿತು, ಕಣ್ಣು ಹೊಳೆಯಿತು, ಬೆರಳು ಒಂದು ಸಲವೂ ತಡವರಿಸಲಿಲ್ಲ. ಹನ್ನೊಂದನೆಯ ನಡೆಗೆ ಟೀಚರ ರಾಣಿ ಹೋಯಿತು. ಹದಿನಾರನೆಯದಕ್ಕೆ ರಾಜನಿಗೆ ಕಾಲಿಡಲು ಜಾಗವಿರಲಿಲ್ಲ. ಹುಡುಗಿ ಬಾಯ್ತುಂಬ ನಕ್ಕಳು. ಟೀಚರೂ ನಕ್ಕರು, ಆದರೆ ಯಾಕೋ ಕಿವಿ ಬಿಸಿಯಾಗಿತ್ತು. ಹದಿನೈದು ವರ್ಷದ ಹುಡುಗಿ, ಅದೂ ಕಾಲು ಗಂಟೆಯೊಳಗೆ!

"ಇನ್ನೊಂದಾಟ ಆಡೋಣ್ವಾ ಟೀಚರ್?" ಅವಳು ಆಗಲೇ ಕಾಯಿಗಳನ್ನು ಮನೆಗೆ ಸೇರಿಸತೊಡಗಿದ್ದಳು.

ಗಂಟೆ ಇನ್ನೂ ಎರಡೂ ಆಗಿರಲಿಲ್ಲ. ಟೀಚರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಇಲ್ಲಮ್ಮ, ನನಗೆ ಬೇಕಾದಷ್ಟು ಕೆಲಸ ಇದೆ."

ಹುಡುಗಿಯ ಕೈ ನಿಂತಿತು. ಜೋಡಿಸಿದ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ, ಕೋಪವಿಲ್ಲದೆ, ಗೊತ್ತಿದ್ದ ವಿಷಯವೇ ಎಂಬಂತೆ ಅಂದಳು:

"ಪರವಾಗಿಲ್ಲ ಟೀಚರ್. ಆ ತಿಂಗಳು ಅವರೆಲ್ಲರಿಗೂ ಕೆಲಸ ಇತ್ತು."